ಹೊಟ್ಟೆಯೊಳಗಿನ ಗಡ್ಡೆ ಮತ್ತು ಸಿ.ಟಿ. ಸ್ಕ್ಯಾನ್



ಮನೇಲಿ ಎಲ್ಲರ ನೋವನ್ನೂ ವಿಚಾರಿಸುವ ನಾವು, ನಮ್ಮ ಹೊಟ್ಟೆನೋವನ್ನು ಮಾತ್ರ "ಗ್ಯಾಸು ಅಷ್ಟೇ" ಅಂತ ತಳ್ಳಿಹಾಕ್ತೀವಿ. ಅಂಗಡಿಯಿಂದ ಮಾತ್ರೆ ತಂದು ನುಂಗ್ತೀವಿ. ಹೆಚ್ಚಿನ ಸಲ ಅದು ಗ್ಯಾಸೇ ಇರುತ್ತದೆ. ಆದರೆ ತಿಂಗಳುಗಟ್ಟಲೆ ಬಿಡದ ನೋವನ್ನು ಡಾಕ್ಟರಿಗೆ ತೋರಿಸಲೇಬೇಕು. ಯಾಕೆ ಅನ್ನುವುದಕ್ಕೆ ಒಂದು ಅಪರೂಪದ ಕಾಯಿಲೆಯ ಬಗ್ಗೆ ಇಂದು ತಿಳಿಯೋಣ.

ಏನಿದು ಕಾಯಿಲೆ?
ಜಠರ, ಕರುಳು, ಮೇದೋಜೀರಕ ಗ್ರಂಥಿಗಳಲ್ಲಿ ಹಾರ್ಮೋನು ತಯಾರಿಸುವ ಜೀವಕೋಶಗಳಿವೆ. ಅವು ಮಿತಿಮೀರಿ ಬೆಳೆದರೆ ನ್ಯೂರೋಎಂಡೋಕ್ರೈನ್ ಗಡ್ಡೆ ಎನ್ನುತ್ತಾರೆ. ಚಿತ್ರನಟ ಇರ್ಫಾನ್ ಖಾನ್ ತಮಗೆ ಈ ಜಾತಿಯ ಗಡ್ಡೆ ಇದೆಯೆಂದು 2018ರಲ್ಲಿ ತಿಳಿಸಿದ್ದರು. 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಇಂಥ ಗಡ್ಡೆಗಳಲ್ಲಿ ಹಲವು ನಿಧಾನವಾಗಿ ಬೆಳೆಯುತ್ತವೆ. ಬೇಗ ಸಿಕ್ಕರೆ ಆಪರೇಷನ್ ಮಾಡಿ ತೆಗೆಯಬಹುದು. ತಡವಾದರೆ ಲಿವರ್‌ಗೆ ಹರಡಬಹುದು.

ಲಕ್ಷಣಗಳು
• ಬಂದು ಹೋಗುವ ಹೊಟ್ಟೆನೋವು
• ವಾರಗಟ್ಟಲೆ ನಿಲ್ಲದ ಭೇದಿ
• ಕಾರಣವಿಲ್ಲದೆ ಮುಖ ಬಿಸಿಯಾಗಿ ಕೆಂಪಾಗುವುದು (ಮುಟ್ಟು ನಿಲ್ಲುವ ಕಾಲದಲ್ಲೂ ಹೀಗಾಗುತ್ತದೆ, ಗೊಂದಲ ಬೇಡ, ಡಾಕ್ಟರನ್ನು ಕೇಳಿ)
• ತೂಕ ಇಳಿಯುವುದು, ಮಲದಲ್ಲಿ ರಕ್ತ

ಸ್ಕ್ಯಾನ್‌ನಲ್ಲಿ ಹೇಗೆ ಕಾಣುತ್ತದೆ?
ಸಿ.ಟಿ. ಯಂತ್ರ ಎಕ್ಸ್-ರೇಯಿಂದ ಹೊಟ್ಟೆಯನ್ನು ಬ್ರೆಡ್ಡಿನ ಹೋಳುಗಳಂತೆ ತೋರಿಸುತ್ತದೆ. ಈ ಗಡ್ಡೆಗಳಿಗೆ ರಕ್ತ ಹೆಚ್ಚು ಹರಿಯುತ್ತದೆ. ಆದ್ದರಿಂದ ಕೈನರಕ್ಕೆ ಅಯೋಡಿನ್ ಔಷಧಿ ಕೊಟ್ಟು ಎರಡು ಸಲ ಚಿತ್ರ ತೆಗೆಯುತ್ತಾರೆ. ಸುಮಾರು 30 ಸೆಕೆಂಡಿಗೆ ಮೊದಲನೆಯದು: ಗಡ್ಡೆ ಬೆಳ್ಳಗೆ ಹೊಳೆಯುತ್ತದೆ. ಸುಮಾರು 70 ಸೆಕೆಂಡಿಗೆ ಎರಡನೆಯದು: ಲಿವರ್ ಚೆನ್ನಾಗಿ ಕಾಣುತ್ತದೆ. ಔಷಧಿ ಇಲ್ಲದ ಸ್ಕ್ಯಾನ್‌ನಲ್ಲಿ ಗಡ್ಡೆ ತಪ್ಪಿಹೋಗಬಹುದು. ಕುಡಿಯಲು ಬಿಳಿ ಔಷಧಿಯ ಬದಲು ಬರೀ ನೀರು ಕೊಟ್ಟರೆ ಆಶ್ಚರ್ಯ ಬೇಡ; ಬಿಳಿ ಔಷಧಿಯ ನಡುವೆ ಬಿಳಿ ಗಡ್ಡೆ ಕಾಣುವುದಿಲ್ಲ. ಕೆಲವೊಮ್ಮೆ ಕರುಳಿನ ಗಡ್ಡೆ ಕಾಣದಿದ್ದರೂ, ಅದರ ಪಕ್ಕದ ಗಂಟು ಸುತ್ತಲಿನ ಕೊಬ್ಬನ್ನು ಗಾಡಿ ಚಕ್ರದ ಅರಗಳಂತೆ ಎಳೆದಿರುವುದು ಕಾಣುತ್ತದೆ.

ತೀರಾ ಸಣ್ಣ ಗಡ್ಡೆ ಸಿ.ಟಿ.ಯಲ್ಲೂ ಕಾಣದೇ ಇರಬಹುದು. ಅನುಮಾನ ಉಳಿದರೆ ಎಂಡೋಸ್ಕೋಪಿ ಅಥವಾ ಪೆಟ್ ಸ್ಕ್ಯಾನ್ ಬೇಕಾಗುತ್ತದೆ. ಕೊನೆಯ ತೀರ್ಮಾನ ಬಯಾಪ್ಸಿಯಿಂದಲೇ.

ಸ್ಕ್ಯಾನ್‌ಗೆ ಮುಂಚೆ ಹೇಳಬೇಕಾದ್ದು
ಗರ್ಭಿಣಿಯೇ? ಅಲರ್ಜಿ, ಉಬ್ಬಸ, ಕಿಡ್ನಿ ಅಥವಾ ಥೈರಾಯ್ಡ್ ತೊಂದರೆ ಇದೆಯೇ? ಸಕ್ಕರೆ ಕಾಯಿಲೆಯ ಮಾತ್ರೆ ತಗೋತೀರಾ? ಎಲ್ಲವನ್ನೂ ಮುಚ್ಚಿಡದೆ ಹೇಳಿ. ಎಷ್ಟು ಹೊತ್ತು ಉಪವಾಸ ಇರಬೇಕೆಂದು ಕೇಳಿಕೊಳ್ಳಿ. ಪ್ರತಿ ಹೊಟ್ಟೆನೋವಿಗೂ ಸ್ಕ್ಯಾನ್ ಬೇಡ, ಅದರಲ್ಲಿ ವಿಕಿರಣವಿದೆ.

ಎಲ್ಲಿಗೆ ಹೋಗುವುದು?
ಸುಗಟೂರಿನ ಸುತ್ತಮುತ್ತಲಿನವರು ಮೊದಲು ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ಜಾಲಪ್ಪ ಆಸ್ಪತ್ರೆಯಲ್ಲಿ ತೋರಿಸಿ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಸಂಘದಿಂದ ಸಾಲ ಎತ್ತುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸಿಗುತ್ತದೆ ಎಂದು ಕೇಳಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಹಳೆಯ ಫಿಲಂ, ರಿಪೋರ್ಟು ಬಿಸಾಡಬೇಡಿ. ಅಪೆಂಡಿಕ್ಸ್ ಆಪರೇಷನ್ ಆಗಿದ್ದರೆ ಅದರ ಬಯಾಪ್ಸಿ ರಿಪೋರ್ಟನ್ನು ತಪ್ಪದೆ ಕೇಳಿ ಪಡೆಯಿರಿ. ಈ ಗಡ್ಡೆ ಎಷ್ಟೋ ಸಲ ಅಲ್ಲೇ ಪತ್ತೆಯಾಗುತ್ತದೆ.

ಸಭೆಯಲ್ಲಿ ಚರ್ಚಿಸಿ
1. ನಮ್ಮ ಸಂಘದಲ್ಲಿ ಯಾರಾದರೂ ತಿಂಗಳುಗಟ್ಟಲೆ ನೋವು ನುಂಗಿಕೊಂಡಿದ್ದಾರೆಯೇ?
2. ಅವರ ಜೊತೆ ಆಸ್ಪತ್ರೆಗೆ ಯಾರು ಹೋಗ್ತೀರಿ? ಆ ದಿನ ಅವರ ಮಕ್ಕಳನ್ನು, ಹಸುವನ್ನು ಯಾರು ನೋಡ್ಕೋತೀರಿ?