ಕುಡಿತ ಬಿಡಬೇಕೆ? ಸಭೆಗೆ ಹೋಗುವುದು ಹೀಗೆ

ದೇವರ ಮೇಲೆ ಆಣೆ ಇಟ್ಟು ಕುಡಿತ ಬಿಟ್ಟವರು, ಅಯ್ಯಪ್ಪನ ಮಾಲೆ ಹಾಕಿ 41 ದಿನ ಹೆಂಡ ಮುಟ್ಟದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಮಾಲೆ ತೆಗೆದ ವಾರದೊಳಗೆ ಬಾರಿನ ಬಾಗಿಲಲ್ಲಿ ಕಾಣುವವರೂ ಅವರಲ್ಲಿದ್ದಾರೆ. ಬಿಡುವುದಕ್ಕಿಂತ ಬಿಟ್ಟ ಮೇಲೆ ಹಾಗೇ ಉಳಿಯುವುದು ಕಷ್ಟ. ಅದಕ್ಕೆ ಒತ್ತಾಸೆಯಾಗಿ ನಿಲ್ಲುವುದು ಕುಡಿತದಿಂದ ಹೊರಬಂದವರದೇ ಗುಂಪು.

ಇಂಥ ಗುಂಪುಗಳಲ್ಲಿ ಹೆಸರಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಕುಡಿತದಿಂದ ನಲುಗಿದ್ದ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ ಸೇರಿ 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇದನ್ನು ಆರಂಭಿಸಿದರು. ಭಾರತಕ್ಕೆ ಬಂದದ್ದು 1957ರಲ್ಲಿ. ಸೇರಲು ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಮನಸ್ಸಿದ್ದರೆ ಸಾಕು.

1. ಮೊದಲು ವೈದ್ಯರನ್ನು ಕಾಣಿ

ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆಯೇ? ಒಂದು ಗುಟುಕು ಹಾಕಿದರೆ ನಡುಕ ನಿಲ್ಲುತ್ತದೆಯೇ? ಹಾಗಿದ್ದರೆ ಮನೆಯಲ್ಲೇ ದಿಢೀರನೆ ನಿಲ್ಲಿಸಬೇಡಿ. ಕೊನೆಯ ಸಲ ಕುಡಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನದ ಹೊತ್ತಿಗೆ ದಿಕ್ಕು ತೋಚದಂತಾಗಿ ಇಲ್ಲದ್ದೆಲ್ಲ ಕಾಣಿಸಬಹುದು. ಇದು ಪ್ರಾಣಕ್ಕೇ ಕುತ್ತು. ಆಸ್ಪತ್ರೆಯಲ್ಲಿ ಮಾತ್ರೆ ಮತ್ತು ಬಿ1 ಜೀವಸತ್ವ ಕೊಟ್ಟು ಈ ಹಂತ ದಾಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಎ.ಎ.ಯಂಥ ಗುಂಪು ಈ ಚಿಕಿತ್ಸೆಗೆ ಬದಲಿಯಲ್ಲ. ಅದಕ್ಕೆ ಸೇರಿದ ಮೇಲೂ ವೈದ್ಯರು ಬರೆದ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು.

2. ಗುಂಪು ಹುಡುಕಿ

ಚಿಕಿತ್ಸೆ ಕೊಡುವ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕೇಳಿದರೆ ಹತ್ತಿರದ ಸಭೆಯ ಸುಳಿವು ಸಿಗುತ್ತದೆ. ಎ.ಎ.ಯ ಭಾರತದ ಜಾಲತಾಣದಲ್ಲೂ ಸಂಪರ್ಕದ ವಿವರಗಳಿವೆ. ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಹಳ್ಳಿಯ ಕಡೆಯವರಿಗೆ ಇನ್ನೊಂದು ದಾರಿಯೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಮಾಡಿಕೊಂಡು ಆಗಾಗ ಸೇರುತ್ತಾರೆ.

3. ಫೋನಿನಲ್ಲಿ ವಿಚಾರಿಸಿ

ಸಭೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ ಎಂದು ಕೇಳಿ. ‘ಓಪನ್’ ಸಭೆಯೋ ‘ಕ್ಲೋಸ್ಡ್’ ಸಭೆಯೋ ಎಂಬುದೂ ಮುಖ್ಯ. ಓಪನ್ ಸಭೆಗೆ ಹೆಂಡತಿ, ಅಣ್ಣ, ಗೆಳೆಯ ಯಾರು ಬೇಕಾದರೂ ಜೊತೆಗೆ ಬರಬಹುದು. ಕ್ಲೋಸ್ಡ್ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಹೆಣ್ಣುಮಕ್ಕಳು ತಮಗೆಂದೇ ಪ್ರತ್ಯೇಕ ಸಭೆ ಇದೆಯೇ ಎಂದು ವಿಚಾರಿಸಿಕೊಳ್ಳಿ. ಊರಿನಲ್ಲಿ ಸಭೆ ಇಲ್ಲದವರಿಗೂ ಪರದೇಶದಲ್ಲಿರುವ ಕನ್ನಡಿಗರಿಗೂ ಆನ್‌ಲೈನ್ ಸಭೆಗಳಿವೆ.

4. ಮೊದಲ ದಿನ

ಹತ್ತು ನಿಮಿಷ ಮೊದಲೇ ಹೋಗಿ. ಶಾಲೆಯ ಕೊಠಡಿಯೋ ಚರ್ಚಿನ ಹಾಲೋ ಇರಬಹುದು. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಕೆಲವು ಕಡೆ ಚಹಾ, ಇಷ್ಟೇ ಏರ್ಪಾಟು. ಒಬ್ಬೊಬ್ಬರೇ ತಮ್ಮ ಮೊದಲ ಹೆಸರು ಹೇಳಿ, ‘ನಾನೊಬ್ಬ ಆಲ್ಕೊಹಾಲಿಕ್’ ಎಂದು ಮಾತು ಶುರು ಮಾಡುತ್ತಾರೆ. ಸಂಬಳದ ದಿನ ಮನೆಗೆ ಬರಿಗೈಲಿ ಹೋದದ್ದು, ಮಗಳ ಶಾಲೆಯಲ್ಲಿ ತಲೆ ತಗ್ಗಿಸಿ ನಿಂತದ್ದು ಎಲ್ಲ ಹೊರಬರುತ್ತದೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ಮಾತಾಡಲೇಬೇಕೆಂದಿಲ್ಲ. ‘ಇವತ್ತು ಕೇಳುತ್ತೇನೆ’ ಎಂದರೆ ಸಾಕು. ಕೊನೆಗೆ ಸದಸ್ಯರು ಕೈಲಾದಷ್ಟು ಕಾಸು ಹಾಕುತ್ತಾರೆ. ಹಾಕಲೇಬೇಕೆಂಬ ಕಟ್ಟುಪಾಡಿಲ್ಲ.

ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಆದರೆ ಇದು ಯಾವ ಮತಕ್ಕೂ ಸೇರಿದ್ದಲ್ಲ. ದೇವರನ್ನು ನಂಬದವರೂ ಸದಸ್ಯರಾಗಬಹುದು. ಸಭೆಯಲ್ಲಿ ಕಂಡವರ ಹೆಸರನ್ನು, ಕೇಳಿದ ಕಥೆಯನ್ನು ಹೊರಗೆ ಆಡಬಾರದು.

5. ಒಂದೇ ಸಭೆಗೆ ಕೈಬಿಡಬೇಡಿ

ಮೊದಲ ಸಭೆ ಹಿಡಿಸದೆ ಹೋಗಬಹುದು. ಬೇರೆ ಬೇರೆ ಗುಂಪುಗಳಿಗೆ ನಾಲ್ಕಾರು ಸಲ ಹೋಗಿ ನೋಡಿ. ಮನಸ್ಸಿಗೆ ಒಗ್ಗಿದ ಕಡೆ ಇಬ್ಬರು-ಮೂವರ ಫೋನ್ ನಂಬರ್ ಪಡೆಯಿರಿ. ಸಂಜೆ ಕುಡಿಯಬೇಕೆನಿಸಿದಾಗ ಮೊದಲು ಕರೆ ಹೋಗಬೇಕಾದದ್ದು ಅವರಿಗೆ. ಆಮೇಲೆ, ವರ್ಷಗಟ್ಟಲೆ ಕುಡಿಯದೆ ಉಳಿದ ಒಬ್ಬರನ್ನು ನಿಮ್ಮ ‘ಸ್ಪಾನ್ಸರ್’, ಅಂದರೆ ದಾರಿ ತೋರುವವರು, ಆಗುವಂತೆ ಕೇಳಿಕೊಳ್ಳಬಹುದು.

ನಡುವೆ ಜಾರಿದರೆ ನಾಚಿಕೊಂಡು ಮನೆಯಲ್ಲೇ ಕೂರಬೇಡಿ, ಮತ್ತೆ ಸಭೆಗೆ ಹೋಗಿ. ಅಲ್ಲಿ ಕೂತವರಲ್ಲೂ ಜಾರಿ ಎದ್ದವರಿದ್ದಾರೆ.

6. ಮನೆಯವರಿಗೆ

ಊಟದಲ್ಲಿ, ಕಾಫಿಯಲ್ಲಿ ಗುಟ್ಟಾಗಿ ‘ಕುಡಿತ ಬಿಡಿಸುವ ಪುಡಿ’ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದು, ವಿಷಯ ತಿಳಿಯದೆ ಅವರು ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾದೀತು. ಕುಡಿಯುವವರು ಸಭೆಗೆ ಬರಲು ಒಪ್ಪದಿದ್ದರೂ ನೀವು ಹೋಗಬಹುದು. ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪಿದೆ.

ಭಾರತದಲ್ಲಿ ಮದ್ಯದ ಸಮಸ್ಯೆಗೆ ನೆರವು ಬೇಕಾದವರು ಸುಮಾರು 5.7 ಕೋಟಿ ಎಂದು 2019ರ ಕೇಂದ್ರ ಸರ್ಕಾರದ ಸಮೀಕ್ಷಾ ವರದಿ ಹೇಳುತ್ತದೆ. ಅವರಲ್ಲಿ ನೀವೊಬ್ಬರಾಗಿದ್ದರೆ ಜೀವನಪೂರ್ತಿ ಕುಡಿಯುವುದಿಲ್ಲವೆಂದು ಶಪಥ ಮಾಡುವ ಗೋಜಿಗೆ ಈಗಲೇ ಹೋಗಬೇಡಿ. ಇವತ್ತು ಒಂದು ಫೋನ್ ಮಾಡಿ, ಈ ವಾರ ಒಂದು ಸಭೆಗೆ ಹೋಗಿ ಬನ್ನಿ.