ನೀರು ಅಳೆಯೋಣ, ಜೆಟ್ ಹಾಕೋಣ



ಚಳ್ಳಕೆರೆ ಕಡೆ ಶೇಂಗಾ ಬೆಳೆಯುತ್ತಾರೆ. ಅಲ್ಲಿ ಮಳೆ ಕಡಿಮೆ. ಬೇಸಿಗೆ ಬೆಳೆಗೆ ಬೋರಿನ ನೀರೇ ಗತಿ. ಕಾಲುವೆ ತೋಡಿ ಹಾಯಿಸಿದರೆ ನೀರು ದಾರಿಯಲ್ಲೇ ಇಂಗುತ್ತೆ. ತುದಿಯ ಗಿಡಕ್ಕೆ ಸಾಲೋದಿಲ್ಲ. ಮಳೆ ಹನಿಯ ಹಾಗೆ ಚಿಮುಕಿಸಿದರೆ ಎಲ್ಲ ಗಿಡಕ್ಕೂ ಸಿಗುತ್ತೆ. ಇದೇ ತುಂತುರು ನೀರಾವರಿ. ನಮ್ಮ ಜನ ಸ್ಪ್ರಿಂಕ್ಲರ್ ಅಂತಾರೆ, ಜೆಟ್ ಅಂತಾರೆ.

ಜೆಟ್ ತಂದರೆ ಸಾಕೇ? ಸಾಲದು. ಮೊದಲು ನೀರು ಅಳೆಯಬೇಕು.

ಅಳೆಯೋದು ಹೇಗೆ?

ಬೋರಿನ ನೀರನ್ನು 200 ಲೀಟರ್ ಡ್ರಮ್ಮಿಗೆ ಬಿಡೋಣ. ಗಡಿಯಾರ ನೋಡೋಣ. 100 ಸೆಕೆಂಡಿಗೆ ತುಂಬಿತು ಅನ್ನಿ. ಅಂದರೆ ಸೆಕೆಂಡಿಗೆ 2 ಲೀಟರ್. ಸಾಮಾನ್ಯ ಜೆಟ್ಟಿಗೆ ಸೆಕೆಂಡಿಗೆ ಸುಮಾರು ಅರ್ಧ ಲೀಟರ್ ಬೇಕು. ಲೆಕ್ಕಕ್ಕೆ 4 ಜೆಟ್ ಆಯ್ತು. ಆದರೆ ಜೆಟ್ ತಿರುಗೋಕೆ ಒತ್ತಡ ಬೇಕು. ಒತ್ತಡ ಹೆಚ್ಚಿದಾಗ ಪಂಪು ಕಡಿಮೆ ನೀರು ಎತ್ತುತ್ತೆ. ಅದಕ್ಕೇ 3ರಿಂದ ಶುರು ಮಾಡೋಣ. ಅಷ್ಟು ನೀರಿಗೆ 10 ಜೆಟ್ ಹಾಕಿದರೆ ಒಂದೂ ಸರಿಯಾಗಿ ತಿರುಗೋದಿಲ್ಲ. ಮಾರಿದವರಿಗೆ ಲಾಭ, ಸಾಲ ನಮಗೆ!

ಜೋಡಿಸೋದು ಹೇಗೆ?

1. ಒಂದು ಪೈಪು ಸುಮಾರು 20 ಅಡಿ. ಎರಡು ಪೈಪಿಗೆ ಒಂದು ಜೆಟ್ ಇಡೋಣ.
2. ತುದಿಯ ಮುಚ್ಚಳ ತೆಗೆದು ನೀರು ಬಿಡೋಣ. ಮರಳು ಹೊರಗೆ ಹೋಗಲಿ. ಪಂಪು ನಿಲ್ಲಿಸಿ ಮುಚ್ಚಳ ಹಾಕೋಣ.
3. ಒಂದು ಜೆಟ್ಟಿನ ನೀರು ಪಕ್ಕದ ಜೆಟ್ಟಿನ ಬುಡ ಮುಟ್ಟಬೇಕು.
4. ಬೆಳಗ್ಗೆ ಅಥವಾ ಸಂಜೆ, ಗಾಳಿ ಕಡಿಮೆ ಇದ್ದಾಗ ಹಾಯಿಸೋಣ.
5. ಕರೆಂಟ್ ತಂತಿಗೆ ನೀರು ಹಾರಬಾರದು. ಜೀವಕ್ಕೆ ಅಪಾಯ.

ಸಮ ಬಿತ್ತಾ?

ಒಂದೇ ಅಳತೆಯ 5 ಡಬ್ಬಿ ಹೊಲದಲ್ಲಿ ಅಲ್ಲಲ್ಲಿ ಇಡೋಣ. ಒಂದು ಗಂಟೆ ಬಿಟ್ಟು ನೋಡೋಣ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ ಇರಬೇಕು. ನಡುವಿನ ಡಬ್ಬಿಯಲ್ಲಿ ತೀರಾ ಕಡಿಮೆಯೇ? ಗಾಳಿ ಇರಬಹುದು, ಒತ್ತಡ ಸಾಲದಿರಬಹುದು. ಗಾಳಿ ಇಲ್ಲದಿದ್ದರೆ ಒಂದು ಜೆಟ್ ಕಡಿಮೆ ಮಾಡಿ ನೋಡೋಣ. ಆಮೇಲೆ ಮಣ್ಣು ಅಗೆದು ನೋಡೋಣ. ಒಂದು ಗೇಣು ಆಳ ತೇವ ಇಳಿದಿರಬೇಕು.

ಸಹಿ ಹಾಕುವ ಮುಂಚೆ

ಜೆಟ್ಟಿಗೆ ಸರ್ಕಾರದ ಸಹಾಯಧನ ಇದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳೋಣ. ಸಾಮಾನು ಬಂದ ದಿನ ಬಿಲ್ಲು ನಾವೇ ಓದೋಣ. ಪೈಪು ಎಷ್ಟು? ಜೆಟ್ ಎಷ್ಟು? ಎಣಿಸೋಣ. ಬಿಲ್ಲಿನಲ್ಲಿ 30, ಅಂಗಳದಲ್ಲಿ 25 ಇದ್ದರೆ ಸಹಿ ಬೇಡ. ಹೆಬ್ಬೆಟ್ಟು ಒತ್ತುವ ಕಾಲ ಮುಗೀತು. ಓದಿ, ಎಣಿಸಿ, ಆಮೇಲೆ ಸಹಿ.

ಅಭ್ಯಾಸ

1. ಓದಿ ಬರೆಯಿರಿ: ಪೈಪು, ಒತ್ತಡ, ಬಿಲ್ಲು, ಸಹಾಯಧನ.
2. 200 ಲೀಟರ್ ಡ್ರಮ್ಮು 200 ಸೆಕೆಂಡಿಗೆ ತುಂಬಿತು. ಲೆಕ್ಕಕ್ಕೆ ಎಷ್ಟು ಜೆಟ್?
3. ನಿಮ್ಮ ಹೊಲದ ಪಹಣಿ ಯಾರ ಹೆಸರಿನಲ್ಲಿದೆ? ಓದಿ ಹೇಳಿ.