ಮನೆ ಮಾರುವವನ ಮಾತು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ಹಿರಿಯರ ಗಾದೆ. ಕಟ್ಟಿದ ಮನೆಯನ್ನು ಮಾರುವುದೂ ಸುಲಭವಲ್ಲ. ಕೊಳ್ಳುವವನು ಒಬ್ಬನೇ ಆದರೆ ಬೆಲೆಯ ಚಿಂತೆ. ಹಲವರಾದರೆ ವಿವೇಕದ ಪರೀಕ್ಷೆ.

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಲ್ಲಿ ರೈತನೊಬ್ಬನು ಸಾಲ ತೀರಿಸುವುದಕ್ಕಾಗಿ ತನ್ನ ಮನೆಯನ್ನು ಮಾರಲು ನಿಶ್ಚಯಿಸಿದನೆಂದು ಭಾವಿಸಬಹುದು. ನೆರೆಮನೆಯವನು 18 ಲಕ್ಷ ರೂಪಾಯಿಗಳನ್ನು ಒಂದೇ ಸಲಕ್ಕೆ ಕೊಡಲು ಸಿದ್ಧನಿದ್ದಾನೆ. ಪೇಟೆಯ ರೇಷ್ಮೆ ವ್ಯಾಪಾರಿಯು 20 ಲಕ್ಷ ಕೊಡುತ್ತಾನೆ. ಆದರೆ ಅವನಿಗೆ ಬ್ಯಾಂಕಿನ ಸಾಲ ಮಂಜೂರಾಗಬೇಕು. ನಗರದವನೊಬ್ಬನು 22 ಲಕ್ಷಕ್ಕೆ ಕೇಳುತ್ತಾನೆ. ಅರ್ಧ ಹಣ ಈಗ, ಉಳಿದ ಅರ್ಧ ಮುಂದಿನ ವರ್ಷ. ದೊಡ್ಡ ಮೊತ್ತವೇ ಮೇಲಾದ ಬೆಲೆಯಲ್ಲ. ಹಣ ಎಂದು ಕೈಸೇರುವುದು, ಸೇರುವ ಭರವಸೆ ಎಷ್ಟು, ಅಲ್ಲಿಯವರೆಗೆ ಸಾಲದ ಬಡ್ಡಿ ಎಷ್ಟು ಬೆಳೆಯುವುದು ಎಂಬುದನ್ನೂ ಲೆಕ್ಕ ಹಾಕಬೇಕು. ಬೆಲೆ ಏರಿಸಲೆಂದು ಇಲ್ಲದ ಗಿರಾಕಿಯನ್ನು ಇದ್ದಾನೆಂದು ಹೇಳುವುದು ವ್ಯಾಪಾರವಲ್ಲ, ವಂಚನೆ.

ಮನೆ ತನ್ನೊಬ್ಬನದೇ ಎಂಬುದನ್ನೂ ಮೊದಲು ನೋಡಿಕೊಳ್ಳಬೇಕು. ಉಯಿಲು ಬರೆಯದೆ ತೀರಿಕೊಂಡ ತಂದೆಯ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟು. ಅಂಥ ವಾರಸುದಾರರಲ್ಲಿ ಒಬ್ಬನು ತನ್ನ ಪಾಲನ್ನು ಮಾರಹೊರಟರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅದನ್ನು ಕೊಳ್ಳುವ ಆದ್ಯತೆಯನ್ನು ಉಳಿದವರಿಗೆ ಕೊಡುತ್ತದೆ.

ಅದೇ 1956ರ ನವೆಂಬರ್ 1ರಂದು ಕೊಳ್ಳೇಗಾಲ ಸೀಮೆಯು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದರೂ ಮನೆಯ ಮಾರಾಟಕ್ಕೆ ಆಧಾರವಾಗಿ ಉಳಿದುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ. ಅದರಂತೆ, ಕರಾರುಪತ್ರ ಬರೆದುಕೊಟ್ಟ ಮಾತ್ರಕ್ಕೆ ಮನೆಯು ಕೊಳ್ಳುವವನದಾಗುವುದಿಲ್ಲ, ಕ್ರಯಪತ್ರ ನೋಂದಣಿಯಾಗಬೇಕು.

ಪರೀಕ್ಷೆಯ ಕಠಿಣ ಘಟ್ಟ ಇಲ್ಲಿಯೇ. ರೈತನು ನೆರೆಯವನಿಗೆ ಒಪ್ಪಿ, ಕರಾರು ಮಾಡಿಕೊಂಡು ಮುಂಗಡ ಪಡೆದ ಮೇಲೆ ಮತ್ತೊಬ್ಬನು ಬಂದು 25 ಲಕ್ಷಕ್ಕೆ ಕೇಳಿದರೆ? ನೋಂದಣಿ ಇನ್ನೂ ಆಗಿಲ್ಲ. ಮುಂಗಡ ಹಿಂದಿರುಗಿಸಿದರಾಯಿತೆಂದು ಮನಸ್ಸು ಪಿಸುಗುಟ್ಟುತ್ತದೆ. ಆದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಬಲದಿಂದ, ಕರಾರಿನಂತೆ ನಡೆದ ನೆರೆಯವನು ಕ್ರಯಪತ್ರವನ್ನು ತನಗೇ ಮಾಡಿಸಿಕೊಡಬೇಕೆಂದು ನ್ಯಾಯಾಲಯವನ್ನು ಕೇಳಬಹುದು. ಮೊದಲಿನ ಕರಾರು ತಿಳಿದಿದ್ದೂ ಕೊಂಡವನ ವಿರುದ್ಧವೂ ಅವನು ಈ ಹಕ್ಕನ್ನು ಸಾಧಿಸಬಹುದು.

ಆದುದರಿಂದ ಅಳೆದು ತೂಗುವುದೆಲ್ಲ ಒಪ್ಪಿಗೆಗೆ ಮೊದಲೇ ನಡೆಯಬೇಕು. ಉಳಿದವರಿಗೆ ಸೌಜನ್ಯದಿಂದ 'ಇಲ್ಲ' ಎನ್ನಬೇಕು. ಒಪ್ಪಿದ ಬಳಿಕ ಬರುವ ಹೆಚ್ಚಿನ ಬೆಲೆ ಲಾಭವಲ್ಲ, ಪ್ರಲೋಭನೆ. ಮನೆಯನ್ನು ಮಾರಿದವನು ಮತ್ತೊಂದು ಮನೆಯನ್ನು ಕಟ್ಟಬಲ್ಲನು. ಕೊಟ್ಟ ಮಾತನ್ನು ಮಾರಿದವನಿಗೆ ಊರಿನ ನಂಬಿಕೆ ಮತ್ತೆ ದೊರೆಯುವುದು ಕಷ್ಟ.